ಬಿತ್ತಿದ ಹೊಲ, ಬಿಟ್ಟ ಹೊಲ

ಸಾಯಗಾಂವ
ಮಾರ್ಗಶಿರ ಶುದ್ಧ ಪಂಚಮಿ, ಫಸಲಿ 1331

ಚಿರಂಜೀವಿ ತಮ್ಮ ಹಾವಗೆಪ್ಪನಿಗೆ ಅಕ್ಕ ಗುರಮ್ಮನ ಆಶೀರ್ವಾದಗಳು.

ಬಸವಣ್ಣನ ದಯೆಯಿಂದ ನಾವೆಲ್ಲ ಇಲ್ಲಿ ಕ್ಷೇಮ. ಬೀದರಿನಲ್ಲಿ ನೀನು, ನಿನ್ನ ಹೆಂಡತಿ, ಮಕ್ಕಳು ಹೇಗಿದ್ದೀರಿ? ಭಾಲ್ಕಿ ಕಚೇರಿಯಲ್ಲಿ ಏನಾಯಿತೆಂದು ಕೇಳಿ ನೀನು ಬರೆದ ಕಾಗದ ಬಂದು ತಿಂಗಳಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಮೊದಲಾದರೆ ಯಾರನ್ನಾದರೂ ಕಾಡಿ ಬೇಡಿ ಬರೆಸುತ್ತಿದ್ದೆ. ಈ ಕಾಗದ ಬರೆದವಳು ನಾನೇ. ಊರವರ ಅರ್ಜಿ ಬರೆದು ಬದುಕುವ ನಿನಗೆ ನನ್ನ ಸೊಟ್ಟ ಅಕ್ಷರ ನೋಡಿ ನಗು ಬಂದೀತು. ನಗು, ನನಗೇನೂ ನಾಚಿಕೆಯಿಲ್ಲ.

ಕಲಿಸಿದವರು ಮಠದ ಮನ್ಮಥಪ್ಪನವರು. ಐವತ್ತರ ಹತ್ತಿರ ಬಂದವಳಿಗೆ ಇದೇನು ಹುಚ್ಚು ಎಂದು ಓಣಿಯವರು ಆಡಿಕೊಂಡರು. ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಬೆರಳಾಡಿಸಿ ಕಲಿತೆ. ಚಿಕ್ಕವನಿದ್ದಾಗ ನಿನ್ನನ್ನು ಸೊಂಟದ ಮೇಲೆ ಹೊತ್ತು ಸಾಲಿಗೆ ಒಯ್ಯುತ್ತಿದ್ದೆ. ನೀನು ಒಳಗೆ, ನಾನು ಹೊರಗೆ ಕಟ್ಟೆಯ ಮೇಲೆ. ಒಳಗೆ ಬರಲು ನನಗೆ ಇಷ್ಟು ವರ್ಷ ಬೇಕಾಯಿತು.

ಈಗ ಸುದ್ದಿ ಹೇಳುತ್ತೇನೆ. ಮೈದುನ ಮಡೆಪ್ಪ ನಮ್ಮ ಹೊಲ ತನ್ನ ಹೆಸರಿಗೆ ಆಗಬೇಕೆಂದು ಅರ್ಜಿ ಹಾಕಿದ್ದನಲ್ಲ, ಗುರಮ್ಮ ಹೊಲ ಬಿಟ್ಟುಕೊಟ್ಟಿದ್ದಾಳೆ, ಅವಳದೇ ಹೆಬ್ಬೆಟ್ಟಿನ ಕಾಗದವಿದೆ ಎಂದು ಅವನ ವಾದ. ಆ ಕಾಗದ ನಿನಗೆ ನೆನಪಿರಬೇಕು. ಎರಡು ವರ್ಷದ ಹಿಂದೆ ನಿನ್ನ ಭಾವ ತೀರಿಕೊಂಡ ಮೇಲೆ, ಹೊಲ ನಾನೇ ಮಾಡುತ್ತಿದ್ದೇನೆ ಎಂದು ಕಚೇರಿಗೆ ತಿಳಿಸಲು ಬರೆಸಿದ್ದು. ನಾನು ಹೇಳಿದೆ, ನೀನು ಬರೆದು ಓದಿ ಹೇಳಿದೆ, ನಾನು ಹೆಬ್ಬೆಟ್ಟು ಒತ್ತಿದೆ.

ತಹಶೀಲದಾರ ಜಹೀರೋದ್ದೀನ ಸಾಹೇಬರ ಮುಂದೆ ಮುನ್ಶಿ ಗೌಸೋದ್ದೀನ ಅದನ್ನು ಓದಿದರು: "ನನ್ನ ಗಂಡನ ಹೊಲವನ್ನು ಕೂರಿಗೆ ಹೂಡಿ ಬಿಟ್ಟಿದ್ದೇನೆ." ಮಡೆಪ್ಪ ಮೀಸೆಯ ಮೇಲೆ ಕೈಯಾಡಿಸಿದ. ಕಾಗದ ನನ್ನ ಕೈಗೆ ಕೊಡಿ ಎಂದೆ. ಓದಲು ಬರುತ್ತದೆಯೇ ಎಂದು ಮುನ್ಶಿ ಕೇಳಿದರು. ಸೆರಗು ಸರಿ ಮಾಡಿಕೊಂಡು, ಬೆರಳಿಟ್ಟು, ಇಡೀ ಕಚೇರಿಗೆ ಕೇಳುವಂತೆ ಓದಿದೆ. 'ತ್ತ' ಇರಬೇಕಾದಲ್ಲಿ 'ಟ್ಟ' ಕೂತಿತ್ತು.

"ಸಾಹೇಬ್ರ, ಹೊಲ ಬಿಡಾಕಿ ಕೂರಿಗಿ ಯಾಕ ಹೂಡ್ತಾಳ್ರಿ? ಕೂರಿಗಿ ಹೂಡೋದು ಬಿತ್ಲಾಕರಿ. ಇದು ಬಿತ್ತಿದ್ದೇನಿ ಅಂತ ಇರಬೇಕ್ರಿ. ಬರೆದವರ ಕೈ ತಪ್ಪ್ಯಾದ," ಎಂದೆ.

ಸಾಹೇಬರು ತಮ್ಮ ಲಿಪಿಯಲ್ಲಿ ಎರಡು ಅಕ್ಷರ ಬರೆದು ತೋರಿಸಿ, ಉರ್ದುವಿನಲ್ಲೂ ತ, ಟಗಳಿಗೆ ತಲೆಯ ಮೇಲಿನ ಗುರುತಷ್ಟೇ ಬೇರೆ ಎಂದು ನಕ್ಕರು. ಹೊಲದಲ್ಲಿ ಈಗ ಏನಿದೆ ಎಂದು ಊರ ಪಾಟೀಲರನ್ನು ಕೇಳಿದರು. ಮೊಣಕಾಲುದ್ದ ಜೋಳ, ಗುರಮ್ಮನೇ ಬಿತ್ತಿದ್ದು ಎಂದು ಅವರು ಹೇಳಿದರು. ಮಡೆಪ್ಪನ ಅರ್ಜಿ ವಜಾ ಆಯಿತು. ನನ್ನ ಹೇಳಿಕೆಯ ಕೆಳಗೆ ಒತ್ತಲೆಂದು ಮುನ್ಶಿ ಶಾಯಿ ಮುಂದಿಟ್ಟರೆ, ಹೆಬ್ಬೆರಳು ಮಡಚಿಕೊಂಡು ಲೇಖನಿ ಕೇಳಿದೆ. ಗುರಮ್ಮ ಎಂದು ಸಹಿ ಮಾಡಿದೆ, ಹಾವಗೆಪ್ಪ. ಭಾಲ್ಕಿಯಿಂದ ಊರ ತನಕ ಬಂಡಿಯಲ್ಲಿ ನನ್ನ ಬಾಯಿಗೆ ಬಿಡುವಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಮಕ್ಕಳನ್ನು ಕಳಿಸು, ಎಳೆ ತೆನೆ ಸುಟ್ಟು ಸೀತನಿ ತಿನ್ನಲಿ. ನಿನ್ನ ಮನೆ ತುಂಬಿರಲಿ, ನಿನಗೆ ನನ್ನ ಆಯುಷ್ಯವೂ ಸೇರಲಿ.

ನಿನ್ನ ಅಕ್ಕ
ಗುರಮ್ಮ

ತಾ.ಕ.: ಬರೆದವರ ಕೈ ತಪ್ಪಿದೆ ಎಂದು ಕಚೇರಿಯಲ್ಲಿ ನಾನು ಹೇಳಿದ್ದು ಸುಳ್ಳು. ಓದುವಾಗ ಆ ಒಂದು ಅಕ್ಷರದ ಹತ್ತಿರ ಬೆರಳಿಗೆ ಕಾಗದ ತೆಳ್ಳಗೆ ತಾಗಿತು. ಮೊದಲು ಬರೆದ 'ತ್ತ'ವನ್ನು ಚೂರಿಯಿಂದ ಕೆರೆದು, ಮೇಲೆ 'ಟ್ಟ' ಬರೆದಿತ್ತು. ಮನೆಗೆ ಬಂದು ನಿನ್ನ ಹಳೆಯ ಕಾಗದಗಳನ್ನೆಲ್ಲ ಹರವಿಕೊಂಡು ನೋಡಿದೆ. ಆ 'ಟ್ಟ' ನಿನ್ನದೇ. ತಿಂಗಳಿಡೀ ಬರೆಯದೆ ಇದ್ದದ್ದು ಇದಕ್ಕೇ. ಮಡೆಪ್ಪ ನಿನಗೆ ಏನು ಕೊಟ್ಟ ಎಂದು ಕೇಳುವುದಿಲ್ಲ. ನಾನು ಎದ್ದು ಹೋದ ಮೇಲೆ ಕೆರೆದೆಯೋ, ಮೊದಲೇ ಕೆರೆದಿಟ್ಟು, ನನ್ನ ಮುಖ ನೋಡುತ್ತ 'ಬಿತ್ತಿದ್ದೇನೆ' ಎಂದು ಓದಿದೆಯೋ? ಅದೊಂದನ್ನು ಬರೆ. ನಿನ್ನ ಕಾಗದವನ್ನು ಇನ್ನು ಯಾರೂ ನನಗೆ ಓದಿ ಹೇಳಬೇಕಾಗಿಲ್ಲ.