ಒಂದು ಮಣಿಯ ಅರ್ಧ ಪಾಲು

ಆರ್.ಕೆ.ಪುರಂ
ಭಾನುವಾರ

ಅಕ್ಕಾ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಇದನ್ನು ನನ್ನ ಗಂಡನ ಕೈಯಲ್ಲಿ ನೊಯ್ಡಾಕ್ಕೆ ಕಳಿಸುತ್ತಿದ್ದೇನೆ. ಪೂಣಚ್ಚರ ಮೇಲೆ ರೇಗಬೇಡ, ಜಗಳ ನಮ್ಮಿಬ್ಬರದು.

ಅವ್ವನ ಜೋಮಾಲೆಯನ್ನು, ಆ ಚಿನ್ನದ ಮಣಿಸರವನ್ನು, ನಾನು ಬಚ್ಚಿಟ್ಟುಕೊಂಡಿದ್ದೇನೆ ಅಂತ ನೆಂಟರಿಗೆಲ್ಲ ಹೇಳಿದ್ದೀಯ. ಆಗಲಿ. ನೀನು ಹಟ ಹಿಡಿದ ಹಾಗೇ ಕರಗಿಸಿ ಎರಡು ಪಾಲು ಮಾಡಿಸಲು ನಿನ್ನೆ ಕರೋಲ್ ಬಾಗ್‌ಗೆ ಹೋದೆ. ಇಡೀ ಮಾಲೆಯ ತೂಕವನ್ನು ಇವತ್ತಿನ ರೇಟಿಗೆ ಗುಣಿಸಿ ನೀನು ವಾಟ್ಸಾಪಿನಲ್ಲಿ ಹಾಕಿದ್ದ ಲೆಕ್ಕವನ್ನೇ ಚಿನ್ನದಂಗಡಿಯ ಭಯ್ಯಾಗೆ ತೋರಿಸಿದೆ. ಅವನು ಒಂದು ಮಣಿ ಬಿಚ್ಚಿ ಬೆಂಕಿಗೆ ಹಿಡಿದ. ಒಳಗಿಂದ ಸುರಿದದ್ದು ಬರೀ ಅರಗು. ಮೇಲಿನ ಚಿನ್ನ ಈರುಳ್ಳಿ ಸಿಪ್ಪೆಯಷ್ಟು ತೆಳು. ಜೋಮಾಲೆ ಹಾಕಿಕೊಂಡು ಒಲೆ ಹತ್ತಿರ ಹೋಗಬೇಡಿ ಅಂತ ಅವ್ವ ಗದರುತ್ತಿದ್ದದ್ದು ನೆನಪಿದೆಯಾ? ಯಾಕೆ ಅಂತ ನಾವಿಬ್ಬರೂ ಕೇಳಲಿಲ್ಲ.

“ಬಾಕಿದೂ ಹಾಕಲಾ?” ಅಂದ ಭಯ್ಯಾ. ನಾನು ಮಾಲೆ ಕಿತ್ತುಕೊಂಡು ಮನೆಗೆ ಬಂದೆ.

ಈ ಕವರಿನಲ್ಲಿ ಆ ಒಂದು ಮಣಿಯ ನಿನ್ನ ಪಾಲಿದೆ. ಚಿನ್ನದಲ್ಲಿ ಅರ್ಧ, ಅರಗಿನಲ್ಲೂ ಅರ್ಧ. ಮೆಲ್ಲಗೆ ಬಿಚ್ಚು, ಚಿನ್ನ ಕೆಳಗೆ ಬಿದ್ದರೆ ಸಿಗುವುದಿಲ್ಲ.

ಇದನ್ನು ನೋಡಿದ ಮೇಲೂ ಪಾಲೇ ಬೇಕು ಎಂದಾದರೆ ಮಂಗಳವಾರ ಉಳಿದದ್ದನ್ನೂ ಕರಗಿಸಿಬಿಡುತ್ತೇನೆ. ಬೇಡವಾದರೆ ಮೋನಿಷಾ ತನ್ನ ಮದುವೆಗೆ ಹಾಕಿಕೊಳ್ಳಲಿ. ನಿನ್ನ ಮಗಳು ದೊಡ್ಡವಳು, ಮೊದಲು ಅವಳೇ. ನನ್ನವಳ ಸರದಿ ಆಮೇಲೆ ಬರುತ್ತದೆ.

ಪೂಣಚ್ಚರಿಗೆ ಟೀ ಕೊಡು. ಮಾಲೆ ಅವರ ಕೋಟಿನ ಒಳಜೇಬಿನಲ್ಲಿದೆ. ನಿನ್ನ ಉತ್ತರ ಕೇಳದೆ ಹೊರಗೆ ತೆಗೆಯಬೇಡಿ ಅಂತ ಹೇಳಿದ್ದೇನೆ.

ನಿನ್ನ ತಂಗಿ,
ಊರ್ಮಿಳಾ