ಅರ್ಧ ಮೀಸೆಯಿಂದ ಹೊರಟ ದೋಣಿ

ದೊಡ್ಡ ದ್ವೀಪ, ದಕ್ಕೆಯ ಪಕ್ಕದ ಮನೆ
ಭಾನುವಾರ ಮಧ್ಯಾಹ್ನ

ನಮ್ಮನೆ ಕ್ಯಾಪ್ಟನ್ ಸಾಹೇಬರಿಗೆ,

ಕಾಲು ಹೇಗಿದೆ? ಮಾತ್ರೆಗಳು ಹೊಟ್ಟೆಗೆ ಹೋಗುತ್ತಿವೆಯೋ, ದಿಂಬಿನ ಕೆಳಗೋ? ಬಿರುಗಾಳಿಗೆ ಸಿಕ್ಕಿ ಬಿದ್ದೆ ಅಂತ ಆಚೆ ದಡದ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರಿಗೆ ಹೇಳಿದ್ದೀರಂತೆ. ನಿಮ್ಮನ್ನು ನೋಡಿಕೊಂಡು ಬಂದ ಟೈಲರಮ್ಮ ಹೇಳಿ ಹೇಳಿ ನಕ್ಕಳು. ಆ ಬಿರುಗಾಳಿ ಬೀಸಿದ್ದು ನಮ್ಮ ಅಡುಗೆಮನೆಯಲ್ಲಿ ಮಾತ್ರ ಕಣ್ರೀ. ಬಲ್ಬು ಹಾಕಲು ಆ ಅಲುಗಾಡುವ ಸ್ಟೂಲ್ ಹತ್ತಬೇಡಿ ಅಂತ ಎಷ್ಟು ಬಡಕೊಂಡೆ! ಬಲ್ಬು ಈಗ ನಾನೇ ಹಾಕಿದೆ, ಚೆನ್ನಾಗಿ ಉರಿಯುತ್ತಿದೆ.

ಇನ್ನು ಇಲ್ಲಿಯ ಸುದ್ದಿ. ನೀವು ಹೋದ ಮೇಲೆ ಲಾಂಚ್ ಕಟ್ಟಿಹಾಕಿದ ಎಮ್ಮೆಯ ಹಾಗೆ ದಕ್ಕೆಯಲ್ಲಿ ನಿಂತುಬಿಟ್ಟಿತು. "ನಾನಿಲ್ದೆ ಅದು ಓಡಲ್ಲ, ನಿಲ್ಸಿಬಿಡು" ಎಂದು ನೀವು ಹೇಳಿಕಳಿಸಿದ್ದನ್ನು ಎಲ್ಲರಿಗೂ ತಿಳಿಸಿದೆ. ಶಾಲೆ ತಪ್ಪಿದ್ದಕ್ಕೆ ನಡು ದ್ವೀಪದ ಮಕ್ಕಳಿಗೆ ಖುಷಿಯೋ ಖುಷಿ, ಅವರ ತಾಯಂದಿರಿಗೆ ತಲೆನೋವು. ಅಷ್ಟರಲ್ಲಿ ಬಂದರು ಕಚೇರಿಯವರು ಓಡದ ಲಾಂಚಿಗೆ ಪರವಾನಗಿ ಯಾಕೆ, ಹೊರಗಿನ ಕಂಪನಿಗೆ ಕೊಡುತ್ತೇವೆ ಎಂದರು. ಆ ಕಂಪನಿ ಚಿಕ್ಕ ದ್ವೀಪಕ್ಕೆ ಹೋಗುವುದೇ ಇಲ್ಲವಂತೆ, ಅಲ್ಲಿ ಜನಕ್ಕಿಂತ ಕೊಕ್ಕರೆ ಜಾಸ್ತಿಯಂತೆ! ಇದು ಮೂರು ದ್ವೀಪದವರು ಕೈಕೂಡಿಸಿ ನಡೆಸಿಕೊಂಡು ಬಂದದ್ದು ಎಂದು ನಾವು ರಂಪ ಮಾಡಿದ ಮೇಲೆ, ವಿಚಾರಿಸಲು ಒಬ್ಬ ಅಧಿಕಾರಿ ಬಂದರು. ಚಿಕ್ಕ ದ್ವೀಪದವರು ಮೀನಿನ ದೋಣಿಗಳಲ್ಲಿ ಹುಟ್ಟು ಹಾಕಿಕೊಂಡೇ ಸಭೆಗೆ ಬಂದರು. ಟಿಕೆಟ್ ಕಿಟಕಿಯ ಮುಂದಿನ ಕಾಯುವ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಇದು ಶುರುವಾಗಿದ್ದು ಹೇಗೆ, ಯಾರಾದ್ರೂ ಹೇಳಿ" ಎಂದರು ಅಧಿಕಾರಿ. ಕೇಳಬಾರದಿತ್ತು. ಮೇಷ್ಟ್ರು ಎದ್ದು ನಿಂತು, ಜ್ಞಾನದ ಬೆಳಕು ದ್ವೀಪದಿಂದ ದ್ವೀಪಕ್ಕೆ ದಾಟಿದ ಬಗೆಯನ್ನು ಅಧಿಕಾರಿಯ ಕಣ್ಣು ಮುಚ್ಚುವವರೆಗೆ ವಿವರಿಸಿದರು. ಆಗ ಮೂಲೆಯಿಂದ ಚಿಕ್ಕ ದ್ವೀಪದ ಮುದಿ ಕ್ಷೌರಿಕ, "ಬೆಳಕೂ ಇಲ್ಲ, ಗಿಳಕೂ ಇಲ್ಲ. ಎಲ್ಲಾ ನಮ್ಮಪ್ಪನ ಕತ್ತಿಯಿಂದ ಆಗಿದ್ದು" ಎಂದ. ಕೋಣೆಗೆ ಕೋಣೆಯೇ ತಿರುಗಿ ನೋಡಿತು. ಆಗೆಲ್ಲ ಮೂರು ದ್ವೀಪಕ್ಕೂ ಅವನಪ್ಪ ಒಬ್ಬನೇ ಕ್ಷೌರಿಕನಂತೆ. ಮನಸ್ಸು ಬಂದಾಗ ಬರುವುದು, ಮೋಡ ಕಂಡರೆ ಓಡುವುದು. ನಿಮ್ಮ ಅಜ್ಜ ತಮ್ಮ ಭಾವಮೈದುನನ ಮದುವೆಯ ಹಿಂದಿನ ದಿನ ಮೀಸೆ ಒಪ್ಪ ಮಾಡಿಸಲು ಕೂತಿದ್ದರಂತೆ. ಎಡಗಡೆ ಮುಗಿಸಿ ಬಲಕ್ಕೆ ಬರುವಷ್ಟರಲ್ಲಿ ಗುಡುಗು. ಆಸಾಮಿ ಪೆಟ್ಟಿಗೆ ಎತ್ತಿಕೊಂಡು ಪರಾರಿ! ಎಡಗಡೆ ನವಿರು ಗೆರೆ, ಬಲಗಡೆ ಪೊದೆ. ಮಳೆ ನಿಂತದ್ದೇ ಅವನನ್ನು ಹಿಡಿಯಲು ಅಜ್ಜ ಚಿಕ್ಕ ದ್ವೀಪಕ್ಕೆ ದೋಣಿ ಇಳಿಸಿದರು. ಆದರೆ ಮುಖ ಮುಚ್ಚಿಕೊಳ್ಳಲು ಎರಡೂ ಕೈ ಬೇಕಲ್ಲ, ಹಾಗಾಗಿ ಹುಟ್ಟು ಹಾಕಿದ್ದು ನಿಮ್ಮ ಅಜ್ಜಿ. ದಾರಿಯಲ್ಲಿ ಅರ್ಧ ತಲೆ ಬೋಳಿಸಿಕೊಂಡಿದ್ದ ಇನ್ನಿಬ್ಬರು ಗೋಗರೆದು ಹತ್ತಿದರು. ಮುಂದಿನ ವಾರ ಮತ್ತೆ ಕ್ಷೌರಕ್ಕೆ ಹೊರಟ ಇವರ ಜೊತೆ ಹಲ್ಲುನೋವಿನವನೊಬ್ಬ, ತವರಿಗೆ ಹೊರಟ ಬಾಣಂತಿಯೊಬ್ಬಳು. ಇಷ್ಟೇ, ಆಮೇಲೆ ಯಾರಿಗೂ ನಿಲ್ಲಿಸಲು ಮನಸ್ಸಾಗಲಿಲ್ಲ. ಹಲಗೆ ಒಬ್ಬರು ಕೊಟ್ಟರು, ಎಂಜಿನ್ನಿಗೆ ಮೂರು ದ್ವೀಪವೂ ಸೇರಿ ಹಣ ಹಾಕಿತು. ಅಧಿಕಾರಿ ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೇಷ್ಟ್ರು ಮಾತ್ರ ಮುಖ ಊದಿಸಿಕೊಂಡು ಕೂತರು.

ಆದರೆ ನಗು ನಿಂತ ಮೇಲೆ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: "ಅದೆಲ್ಲ ಸರಿ, ಈಗ ಓಡ್ಸೋರು ಯಾರು?" ಎಲ್ಲರೂ ಅವರವರ ಚಪ್ಪಲಿ ನೋಡಿಕೊಂಡರು. ಕೊಕ್ಕರೆಗಳ ಜೊತೆ ಉಳಿದುಬಿಡುವ ಚಿಕ್ಕ ದ್ವೀಪದ ಜನರ ಮುಖ ನೋಡಿದೆ. ನನ್ನ ಬಾಯಿ ನನ್ನನ್ನು ಕೇಳದೆಯೇ "ನಾನು" ಅಂದುಬಿಟ್ಟಿತು. ಕೋಪ ಮಾಡಿಕೊಳ್ಳಬೇಡಿ. ಊಟದ ನಂತರದ ಟ್ರಿಪ್ಪುಗಳಲ್ಲಿ ನೀವು ಒಂದು ಗಳಿಗೆ ಕಣ್ಣು ಮುಚ್ಚುತ್ತೇನೆ ಅಂತ ಗೊರಕೆ ಹೊಡೆಯುತ್ತಿದ್ದಾಗಲೆಲ್ಲ ಲಾಂಚ್ ತಾನಾಗಿಯೇ ದಡ ಸೇರುತ್ತಿತ್ತೇನು? ಅಧಿಕಾರಿ ಹತ್ತಿದರು, ಮೂರೂ ದ್ವೀಪ ಸುತ್ತಿಸಿ ಎಂದರು. ಮೇಷ್ಟ್ರು ಜೀವರಕ್ಷಕ ಟ್ಯೂಬನ್ನು ಕೂಸಿನ ಹಾಗೆ ತಬ್ಬಿಕೊಂಡು ಕೂತರು. ನಾನು ಸೆರಗು ಸಿಕ್ಕಿಸಿ ಚುಕ್ಕಾಣಿ ಹಿಡಿದೆ. ಬಂಡೆಗಳ ಸಾಲು ದಾಟುವಾಗ ನಿಮ್ಮ ಹಾಗೆಯೇ ಬೈದುಕೊಂಡು ತಿರುಗಿಸಿದೆ, ಬೈಗುಳದಲ್ಲಿ ನಿಜಕ್ಕೂ ಏನೋ ಶಕ್ತಿಯಿದೆ. ಚಿಕ್ಕ ದ್ವೀಪದಲ್ಲಿ ಬಲಗಡೆ ಸ್ವಲ್ಪ ಬಣ್ಣ ಕೆರೆದುಹೋಯಿತು. ಸ್ವಲ್ಪ ಅಂದರೆ, ನೀವು ನೋಡಿದಾಗ ಹೇಳುತ್ತೇನೆ. ಇಳಿಯುವಾಗ ಅಧಿಕಾರಿ, "ಬೈಗುಳ ಒಂದು ಕಡಿಮೆ ಮಾಡಿ" ಎಂದು ತಾತ್ಕಾಲಿಕ ಪರವಾನಗಿ ಕೈಗಿಟ್ಟರು. ಪಕ್ಕಾ ಪರವಾನಗಿಗೆ ಪರೀಕ್ಷೆ ಬರೆಯಬೇಕು, ಓದುತ್ತಿದ್ದೇನೆ. ಮರುದಿನದಿಂದ ಲಾಂಚ್ ಓಡುತ್ತಿದೆ. ಚಿಕ್ಕ ದ್ವೀಪದವರು ದಕ್ಕೆಗೆ ಬಂದು ಸುಮ್ಮಸುಮ್ಮನೆ ಕೈಬೀಸುತ್ತಾರೆ, ಎಲ್ಲಿಗೂ ಹೋಗಬೇಕಾಗಿಲ್ಲದವರು ಕೂಡ.

ಮೈ ಕಡೆ ಜೋಪಾನ. ಇಲ್ಲಿಯ ದೊಡ್ಡವರೆಲ್ಲ ನಿಮಗೆ ಆಶೀರ್ವಾದ ಹೇಳಿದ್ದಾರೆ, ಮೇಷ್ಟ್ರ ಆಶೀರ್ವಾದ ಮಾತ್ರ ಸ್ವಲ್ಪ ಉದ್ದವಿತ್ತು, ಬಿಟ್ಟಿದ್ದೇನೆ.

ನಿಮ್ಮ
ಮನೆಯವಳು

ಮರೆತಿದ್ದೆ: ಈ ಪತ್ರ ಆಸ್ಪತ್ರೆಗೆ ಹೋಗದೆ ನಿಮ್ಮ ತಂಗಿಯ ಮನೆಗೆ ಹೇಗೆ ಬಂತು ಎಂದು ಬೆವರಬೇಡಿ. ಹಾಸಿಗೆಯ ಹತ್ತಿರ ನೀವು ಬಿಟ್ಟುಹೋದ ಶಾಲಿಗಾಗಿ ನರ್ಸಮ್ಮ ಫೋನ್ ಮಾಡಿದ್ದರು. "ಅವ್ರು ಹೋದ ವಾರಾನೇ ಆರಾಮಾಗಿ ನಡ್ಕೊಂಡು ತಂಗಿ ಮನೆಗೆ ಹೋದ್ರಲ್ಲಮ್ಮ" ಎಂದರು. ಲಾಂಚ್ ಓಡಿಸುವುದು ನಾನೇ ಅಂತ ಟೈಲರಮ್ಮ ನಿಮಗೆ ಆಗಲೇ ಹೇಳಿಬಿಟ್ಟಿದ್ದಾಳಂತೆ. ಹೆಂಡತಿ ಓಡಿಸುವ ಲಾಂಚಿನಲ್ಲಿ ಕೂತು ಬರಲು ಎಲ್ಲರೂ ನೋಡುತ್ತಾರೆಂಬ ಸಂಕೋಚ ತಾನೆ? ಇಲ್ಲಿ ಯಾರೂ ನಗುವುದಿಲ್ಲ. ನಕ್ಕರೆ ಅವರನ್ನು ಹತ್ತಿಸಿಕೊಳ್ಳುವುದಿಲ್ಲ. ಗುರುವಾರ ಬೆಳಿಗ್ಗೆ ಆಚೆ ದಡದಲ್ಲಿ ನಿಂತಿರಿ, ನೀವು ಹತ್ತುವವರೆಗೆ ನಾನು ಹಗ್ಗ ಬಿಚ್ಚುವುದಿಲ್ಲ.