ತೇಪೆಯ ಗುರುತು

ಬೇರಿಕೆ
೮-೨-೧೯೪೫

ತಮ್ಮ ಚೆನ್ನಕೇಶವನಿಗೆ ಅಕ್ಕ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ಹುರುಳಿ ಒಕ್ಕಣೆ ಮುಗಿಯಿತು. ನಿನ್ನೆ ಹೊಸೂರಿನಲ್ಲಿ ನಿನ್ನನ್ನು ನೋಡಿಕೊಂಡು ಬಂದ ನಿನ್ನ ಭಾವ ಜಗಲಿಯ ಮೇಲೆ ಕೂರುವ ಮೊದಲೇ ದೂರು ಹೇಳಿದರು: "ಕಾಲಿನ ಹುಣ್ಣು ಕುಯ್ಯದಿದ್ರೆ ಜೀವ ಉಳಿಯಲ್ಲ ಅಂತ ಡಾಕ್ಟ್ರು ಅಂದವ್ರೆ. ನಿನ್ ತಮ್ಮ ಆಸ್ಪತ್ರೆಗೆ ಬರಲ್ಲ ಅಂದ್ಬುಟ್ಟ ಕಣೇ. ದೇಹ ಹಳೇ ಬಟ್ಟೆಯಂತೆ, ಹರಿದ್ರೆ ಆತ್ಮ ಹೊಸದು ಉಟ್ಕೊಂತದಂತೆ!"

"ಈ ರೇಷನ್ ಕಾಲ್ದಾಗೆ ಅದಕ್ಯಾವನು ಹೊಸ ಬಟ್ಟೆ ಕೊಡ್ತಾನೆ?" ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಮೇಷ್ಟ್ರಾದ ನಿನ್ನೊಡನೆ ವಾದ ಮಾಡುವಷ್ಟು ನಾನು ಓದಿಲ್ಲ. ಆತ್ಮಕ್ಕೆ ಸಾವಿಲ್ಲವೆಂದು ನಾನೂ ನಂಬುತ್ತೇನೆ. ಆದರೆ ನಮ್ಮ ಮನೆಯಲ್ಲಿ ಹರಿದ ಬಟ್ಟೆಯನ್ನು ಯಾರೂ ಎಸೆದದ್ದಿಲ್ಲ. ಸೀರೆ ಹರಿದರೆ ತೇಪೆ, ತೇಪೆಯೂ ಹರಿದರೆ ಕೌದಿ. ನೀನು ಮಗುವಾಗಿದ್ದಾಗ ಸೂಳಗಿರಿ ಸಂತೆಯಲ್ಲಿ ಕಳೆದುಹೋಗಿದ್ದೆ. ಅಷ್ಟು ಜನರ ನಡುವೆ ಅವ್ವ ನಿನ್ನನ್ನು ಪತ್ತೆ ಹಚ್ಚಿದ್ದು, ಅಂಗಿಯ ಬೆನ್ನಿಗೆ ತಾನೇ ಹಾಕಿದ್ದ ಕೆಂಪು ತೇಪೆಯಿಂದ.

ನಿನ್ನ ಆತ್ಮ ಹೊಸ ಬಟ್ಟೆ ಉಟ್ಟು ಎಲ್ಲೋ ಹುಟ್ಟಿ ಬರಬಹುದು. ಎದುರಿಗೇ ಬಂದು ನಿಂತರೂ ನನಗೆ ಗುರುತು ಸಿಗುವುದಿಲ್ಲವಲ್ಲ, ಕೇಶವ.

ಸೋಮವಾರ ನಿನ್ನ ಭಾವ ಗಾಡಿ ಕಟ್ಟಿಕೊಂಡು ಬರುತ್ತಾರೆ. ತಕರಾರು ಮಾಡದೆ ಆಸ್ಪತ್ರೆಗೆ ಹೋಗು. ಹೊದೆಯಲು ಅವ್ವನ ಸೀರೆಯ ಕೌದಿ ಕಳಿಸುತ್ತೇನೆ. ವಾಸಿಯಾದ ಮೇಲೆ ಅದನ್ನು ಹಿಂದಕ್ಕೆ ತಂದುಕೊಡಬೇಕು. ಬೇರೆ ಯಾರ ಕೈಯಲ್ಲೂ ಕಳಿಸಬೇಡ, ನೀನೇ ತಾ.

ಇಂತಿ ನಿನ್ನ ಅಕ್ಕ,
ರಾಮಲಕ್ಷ್ಮಮ್ಮ